ತೊಳೆದರೂ ಬಿಡದ ಸಕ್ಕರೆ: ಸ್ಯಾಕರೈಡ್ ಐಸೊಮರೇಟ್ ಚರ್ಮದಲ್ಲಿ ಏನು ಮಾಡುತ್ತದೆ?

ಮುಖಕ್ಕೆ ಹಚ್ಚಿದ ಮಾಯಿಶ್ಚರೈಸರ್ ಎಷ್ಟು ಹೊತ್ತು ಇರುತ್ತದೆ? ಸಾಮಾನ್ಯವಾಗಿ ಮುಂದಿನ ಸಲ ಮುಖ ತೊಳೆಯುವವರೆಗೆ. ತೇವ ಹಿಡಿಯುವ ಪದಾರ್ಥಗಳಲ್ಲಿ ಬಹುಪಾಲು ನೀರಿನಲ್ಲಿ ಕರಗುವಂಥವು. ನೀರಿನ ಜೊತೆ ಅವಕ್ಕೆ ನಂಟು ಜಾಸ್ತಿ, ಆದ್ದರಿಂದಲೇ ನೀರನ್ನು ಹಿಡಿದಿಡುತ್ತವೆ. ಅದೇ ನಂಟಿನಿಂದಾಗಿ ಮೇಲೆ ನೀರು ಸುರಿದ ಕೂಡಲೇ ಅದರ ಜೊತೆ ಹೊರಟೂ ಹೋಗುತ್ತವೆ. ಹೀಗಿರುವಾಗ ಕೆಲವು ಸೀರಂ, ಕ್ರೀಮುಗಳ ಡಬ್ಬಿಯ ಮೇಲೆ '72 ಗಂಟೆ ತೇವ' ಎಂದು ಬರೆದಿರುತ್ತದೆ. 72 ಗಂಟೆ ಅಂದರೆ ಮೂರು ದಿನ. ಅಷ್ಟರಲ್ಲಿ ಎರಡು ಮೂರು ಸ್ನಾನ ಆಗಿರುತ್ತದೆ, ಮುಖ ತೊಳೆದದ್ದು ಅದಕ್ಕಿಂತ ಜಾಸ್ತಿ ಸಲ. ಇಷ್ಟೆಲ್ಲ ಆದ ಮೇಲೂ ಹಚ್ಚಿದ್ದು ಉಳಿಯುವುದು ಹೇಗೆ ಅನ್ನುವ ಅನುಮಾನ ಬರುವುದು ಸಹಜ ಅಲ್ವಾ?

ಅಂಥ ಡಬ್ಬಿಯ ಹಿಂಬದಿಯ ಪಟ್ಟಿಯನ್ನು ಓದಿದರೆ ಬಹಳ ಸಲ ಒಂದು ಹೆಸರು ಕಣ್ಣಿಗೆ ಬೀಳುತ್ತದೆ: ಸ್ಯಾಕರೈಡ್ ಐಸೊಮರೇಟ್. ಗಿಡಗಳಿಂದ ಸಿಗುವ ಗ್ಲೂಕೋಸನ್ನು ಸ್ವಲ್ಪ ಬದಲಾಯಿಸಿ ಮಾಡುವ ಸಕ್ಕರೆಗಳ ಮಿಶ್ರಣ ಇದು. ಪೆಂಟಾವಿಟಿನ್ ಎಂಬ ವ್ಯಾಪಾರಿ ಹೆಸರಿನಲ್ಲಿ ಜಾಸ್ತಿ ಪರಿಚಿತ. ಸ್ವಿಟ್ಜರ್ಲೆಂಡಿನ ಪೆಂಟಾಫಾರ್ಮ್ ಕಂಪನಿ ಇದನ್ನು ಮಾರುಕಟ್ಟೆಗೆ ತಂದಿತು. ಆ ಕಂಪನಿ ಆಮೇಲೆ ಡಿಎಸ್‌ಎಂ ಎಂಬ ಡಚ್ ಕಂಪನಿಯ ಕೈಸೇರಿತು. ಇದರ ಬಗ್ಗೆ ಹೇಳುವ ಮಾತುಗಳಲ್ಲಿ ಯಾವುದು ಗಟ್ಟಿ, ಯಾವುದು ಪೊಳ್ಳು ಎಂದು ತಿಳಿಯಬೇಕಾದರೆ ಮೊದಲು ಚರ್ಮದ ಹೊರಪದರವನ್ನು ಹತ್ತಿರದಿಂದ ನೋಡಬೇಕು. ಏಕೆಂದರೆ ಈ ಸಕ್ಕರೆಯ ಕೆಲಸವೆಲ್ಲ ನಡೆಯುವುದು ಅಲ್ಲೇ.

ಸತ್ತ ಪದರ, ಆದರೆ ಕೆಲಸಕ್ಕೆ ಬಾರದ್ದಲ್ಲ

ನಾವು ಮುಟ್ಟಿ ನೋಡುವ ಚರ್ಮದಲ್ಲಿ ಜೀವ ಇಲ್ಲ. ತೀರಾ ಮೇಲಿನ ಪದರ ಸತ್ತ ಜೀವಕೋಶಗಳದ್ದು. ಚಪ್ಪಟೆಯಾದ ಆ ಕೋಶಗಳು ಒಂದರ ಮೇಲೊಂದು ಸುಮಾರು 15ರಿಂದ 20 ಸಾಲು ಕೂತಿರುತ್ತವೆ. ಅಂಗೈ, ಅಂಗಾಲು ಬಿಟ್ಟರೆ ಉಳಿದ ಕಡೆ ಇದರ ಒಟ್ಟು ದಪ್ಪ ಸುಮಾರು 10ರಿಂದ 20 ಮೈಕ್ರೋಮೀಟರ್ ಅಷ್ಟೆ, ಅಂದರೆ ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು. ಪ್ರತಿ ಕೋಶದ ಒಳಗೂ ಕೆರಾಟಿನ್ ಎಂಬ ಪ್ರೋಟೀನಿನ ಎಳೆಗಳು ಒತ್ತೊತ್ತಾಗಿ ತುಂಬಿವೆ. ಕೋಶಗಳ ನಡುವಿನ ಸಂದಿಯಲ್ಲಿ ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನಾಮ್ಲ ಸೇರಿದ ಜಿಡ್ಡು ಇದೆ. ಪಠ್ಯಪುಸ್ತಕಗಳು ಇದನ್ನು ಇಟ್ಟಿಗೆ ಗೋಡೆಗೆ ಹೋಲಿಸುತ್ತವೆ. ಕೋಶಗಳು ಇಟ್ಟಿಗೆ, ಜಿಡ್ಡು ಗಾರೆ.

ಮೈಯೊಳಗಿನ ನೀರು ಸುಮ್ನೆ ಆವಿಯಾಗಿ ಹೋಗದಂತೆ ತಡೆಯುವುದು ಈ ಪದರದ ಕೆಲಸ. ಪೂರ್ತಿ ತಡೆಯಲು ಆಗುವುದಿಲ್ಲ. ಬೆವರನ್ನು ಬಿಟ್ಟು ಲೆಕ್ಕ ಹಾಕಿದರೂ ದಿನಕ್ಕೆ ಸುಮಾರು 300ರಿಂದ 400 ಮಿಲಿಲೀಟರ್ ನೀರು ನಮಗೆ ಗೊತ್ತಾಗದ ಹಾಗೆ ಚರ್ಮದ ಮೂಲಕ ಹೊರಗೆ ಹೋಗುತ್ತದೆ. ಹೀಗೆ ಹೋಗುವ ದಾರಿಯಲ್ಲಿ ಸ್ವಲ್ಪ ನೀರು ಹೊರಪದರದಲ್ಲೇ ನಿಲ್ಲಬೇಕು. ಅದು ನಿಂತರೆ ಮಾತ್ರ ಚರ್ಮ ಮೆತ್ತಗಿರುತ್ತದೆ.

ಈ ಮಾತನ್ನು ತೋರಿಸಿಕೊಟ್ಟವರು ಅಮೆರಿಕದ ಇರ್ವಿನ್ ಬ್ಲಾಂಕ್. 1950ರ ದಶಕದ ಮೊದಲ ವರ್ಷಗಳಲ್ಲಿ ಅವರು ಅಂಗಾಲಿನ ದಪ್ಪ ಚರ್ಮದ ತುಣುಕುಗಳನ್ನು ತೆಗೆದುಕೊಂಡು ಒಣಗಿಸಿದರು. ಒಣಗಿದ ತುಣುಕು ಬಾಗಿಸಿದರೆ ಮುರಿಯುವಂತಾಯಿತು. ಅದನ್ನು ಎಣ್ಣೆಯಲ್ಲಿ, ಪೆಟ್ರೋಲಿಯಂ ಜೆಲ್ಲಿಯಲ್ಲಿ ಮುಳುಗಿಸಿಟ್ಟರೂ ಮೆತ್ತಗಾಗಲಿಲ್ಲ. ನೀರು ಕುಡಿಸಿದಾಗ ಮೆತ್ತಗಾಯಿತು. ಅಲ್ಲಿಯವರೆಗೆ ಚರ್ಮ ಒಣಗುವುದು ಅಂದರೆ ಜಿಡ್ಡು ಕಡಿಮೆಯಾಗುವುದು ಎಂಬ ನಂಬಿಕೆ ಇತ್ತು. ಮೆತ್ತಗೆ ಮಾಡುವುದು ನೀರು, ಆ ನೀರು ಹೋಗದಂತೆ ಕಾಯುವುದು ಜಿಡ್ಡು ಎಂಬ ತಿಳಿವಳಿಕೆ ಬಂದದ್ದು ಇಲ್ಲಿಂದ. ಚರ್ಮದ ಆರೈಕೆಯ ಬಗ್ಗೆ ಒಂದೇ ಒಂದು ಪ್ರಯೋಗ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ ಅನ್ನುತ್ತೇನೆ. ಎಣ್ಣೆ ಹಚ್ಚಿದರೂ ಚರ್ಮ ಬಿಗಿದುಕೊಂಡೇ ಇದೆ ಎನ್ನುವವರಿಗೆ ಉತ್ತರ ಇದರಲ್ಲೇ ಇದೆ.

ನೀರು ಕಡಿಮೆಯಾದಾಗ ಇನ್ನೊಂದು ತೊಂದರೆಯೂ ಶುರುವಾಗುತ್ತದೆ. ಹಳೆಯ ಕೋಶಗಳು ಒಂದೊಂದಾಗಿ ಕಣ್ಣಿಗೆ ಕಾಣದಂತೆ ಉದುರಬೇಕು. ಅವನ್ನು ಬೆಸೆದಿಟ್ಟ ಪ್ರೋಟೀನಿನ ಕೊಂಡಿಗಳನ್ನು ಕತ್ತರಿಸಲು ಕಿಣ್ವಗಳಿವೆ. ಆ ಕಿಣ್ವಗಳಿಗೆ ಕೆಲಸ ಮಾಡಲು ನೀರು ಬೇಕು. ನೀರಿಲ್ಲದಿದ್ದರೆ ಕೊಂಡಿಗಳು ಕತ್ತರಿಸಿಹೋಗುವುದಿಲ್ಲ, ಕೋಶಗಳು ಗುಂಪು ಗುಂಪಾಗಿ ಅಂಟಿಕೊಂಡೇ ಉಳಿದು ಕೊನೆಗೆ ಬಿಳಿ ಹೊಟ್ಟಾಗಿ ಏಳುತ್ತವೆ. ಒಣಚರ್ಮದಲ್ಲಿ ಕಾಣುವ ಸಿಪ್ಪೆ ಇದೇ. ಅದನ್ನು ಉಜ್ಜಿ ಕೀಳುವುದಕ್ಕಿಂತ ನೀರು ನಿಲ್ಲುವಂತೆ ಮಾಡುವುದು ಒಳ್ಳೆಯದು.

ಚರ್ಮದ್ದೇ ಆದ ತೇವದ ವ್ಯವಸ್ಥೆ

ಹೊರಪದರದ ಕೋಶಗಳ ಒಳಗೆ ನೀರು ಹಿಡಿದಿಡಲು ಚರ್ಮ ತಾನೇ ಒಂದಷ್ಟು ಪದಾರ್ಥಗಳನ್ನು ಮಾಡಿಕೊಂಡಿರುತ್ತದೆ. ಇವಕ್ಕೆ ಒಟ್ಟಾಗಿ ಸಹಜ ತೇವಕಾರಕ ಎನ್ನಬಹುದು. ಫಿಲಾಗ್ರಿನ್ ಎಂಬ ಪ್ರೋಟೀನ್ ಒಡೆದು ಬರುವ ಅಮೈನೊ ಆಮ್ಲಗಳು ಇದರಲ್ಲಿ ಸುಮಾರು ಶೇಕಡಾ 40ರಷ್ಟು. ಉಳಿದದ್ದು ಪಿಸಿಎ ಎಂಬ ಆಮ್ಲ, ಲ್ಯಾಕ್ಟೇಟ್, ಯೂರಿಯಾ, ಕೆಲವು ಲವಣಗಳು. ಇವುಗಳ ಜೊತೆ ಕೆಲವು ಸಕ್ಕರೆಗಳೂ ಇವೆ. ಅಂದರೆ ಚರ್ಮದಲ್ಲಿ ಸಕ್ಕರೆ ಹೊಸ ವಸ್ತುವೇನಲ್ಲ, ಮೊದಲಿನಿಂದಲೂ ಇದೆ.

ಫಿಲಾಗ್ರಿನ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದೂ ಗೊತ್ತಿದೆ. ಇಕ್ತಿಯೋಸಿಸ್ ವಲ್ಗ್ಯಾರಿಸ್ ಎಂಬ ತೊಂದರೆಯಲ್ಲಿ ಚರ್ಮ ಮೀನಿನ ಹುರುಪೆಯಂತೆ ಒಣಗಿ ಬಿರಿಯುತ್ತದೆ. ಇದಕ್ಕೆ ಫಿಲಾಗ್ರಿನ್ ಜೀನಿನ ದೋಷವೇ ಕಾರಣ ಎಂದು 2006ರಲ್ಲಿ ಖಚಿತವಾಯಿತು. ಎಕ್ಸಿಮಾ ಬರುವ ಸಾಧ್ಯತೆಯನ್ನೂ ಇದೇ ದೋಷ ಹೆಚ್ಚಿಸುತ್ತದೆ ಎಂಬುದು ಅದೇ ಹೊತ್ತಿಗೆ ಹೊರಬಿತ್ತು. ತೇವ ಹಿಡಿಯುವುದು ಬರೀ ಅಂದಚೆಂದದ ವಿಷಯ ಅಲ್ಲ ಅನ್ನಲು ಇದಕ್ಕಿಂತ ಬೇರೆ ಪುರಾವೆ ಬೇಡ.

ಈ ಸಹಜ ತೇವಕಾರಕಕ್ಕೂ ಒಂದು ಕೊರತೆ ಇದೆ. ಅದು ನೀರಿನಲ್ಲಿ ಕರಗುತ್ತದೆ. ಬಿಸಿನೀರಿನಲ್ಲಿ ಬಹಳ ಹೊತ್ತು ಸ್ನಾನ ಮಾಡಿದರೆ, ಗಡುಸು ಸೋಪಿನಿಂದ ಪದೇ ಪದೇ ತೊಳೆದರೆ ಮೊದಲು ಜಿಡ್ಡು ಹೋಗುತ್ತದೆ, ಅದರ ಬೆನ್ನಿಗೇ ಇದೂ ಸೋರಿ ಹೋಗುತ್ತದೆ. ಕೈ ತೊಳೆಯುವ ಕೆಲಸ ಜಾಸ್ತಿ ಇರುವವರ ಕೈ ಬೇಗ ಒಣಗಿ ಒರಟಾಗಲು ಇದೊಂದು ಮುಖ್ಯ ಕಾರಣ.

ಕಳೆದುಹೋದ ಇದನ್ನು ಹೊರಗಿನಿಂದ ತುಂಬಿಕೊಡಲು ನಾವು ಗ್ಲಿಸರಿನ್, ಯೂರಿಯಾ, ಸಾರ್ಬಿಟಾಲ್, ಹಯಲುರಾನಿಕ್ ಆ್ಯಸಿಡ್ ಇವನ್ನೆಲ್ಲ ಹಚ್ಚುತ್ತೇವೆ. ಇವುಗಳ ಅಣುಗಳಲ್ಲಿ ನೀರನ್ನು ಸೆಳೆದು ಹಿಡಿಯುವ ಜಾಗಗಳಿವೆ. ಆಮ್ಲಜನಕ ಮತ್ತು ಜಲಜನಕ ಜೋಡಿಯಾಗಿ ಕೂತಿರುವ ಹೈಡ್ರಾಕ್ಸಿಲ್ ಗುಂಪು ಅಂಥದ್ದೊಂದು ಜಾಗ. ನೀರಿನ ಅಣು ಬಂದು ಹೈಡ್ರೋಜನ್ ಬಂಧದ ಮೂಲಕ ಅಲ್ಲಿ ನಿಲ್ಲುತ್ತದೆ. ಗ್ಲಿಸರಿನ್ ಅಣುವಿನಲ್ಲಿ ಇಂಥ 3 ಗುಂಪುಗಳಿವೆ, ಗ್ಲೂಕೋಸಿನಲ್ಲಿ 5.

ಹಾಗಾದರೆ ಸಕ್ಕರೆಯನ್ನೇ ನೀರಿಗೆ ಹಾಕಿ ಹಚ್ಚಿಕೊಂಡರೆ ಸಾಕಲ್ವಾ? ಸಾಲದು. ನೀರು ಆರುತ್ತಿದ್ದಂತೆ ಸಕ್ಕರೆ ಅಂಟಂಟಾಗುತ್ತದೆ, ಆಮೇಲೆ ಹರಳುಗಟ್ಟುತ್ತದೆ. ಹರಳಾದ ಸಕ್ಕರೆಯ ಹೈಡ್ರಾಕ್ಸಿಲ್ ಗುಂಪುಗಳು ಪಕ್ಕದ ಸಕ್ಕರೆ ಅಣುಗಳನ್ನೇ ಹಿಡಿದು ಕೂತಿರುತ್ತವೆ. ನೀರಿಗೆ ಜಾಗ ಬಿಡುವುದಿಲ್ಲ.

ಗ್ಲೂಕೋಸಿನಿಂದ ಮಿಶ್ರಣದವರೆಗೆ

ಸ್ಯಾಕರೈಡ್ ಐಸೊಮರೇಟ್ ಮಾಡುವ ವಿಧಾನದ ಹಿಂದೆ ಹಳೆಯ ರಸಾಯನಶಾಸ್ತ್ರ ಇದೆ. 19ನೇ ಶತಮಾನದ ಕೊನೆಯ ಹೊತ್ತಿಗೆ ಲೋಬ್ರಿ ದ ಬ್ರೌನ್ ಮತ್ತು ಅಲ್ಬರ್ಡಾ ವಾನ್ ಎಕೆನ್‌ಸ್ಟೈನ್ ಎಂಬ ಇಬ್ಬರು ಡಚ್ ವಿಜ್ಞಾನಿಗಳು ಒಂದು ಸಂಗತಿ ಗಮನಿಸಿದರು. ಗ್ಲೂಕೋಸನ್ನು ಕ್ಷಾರದ ದ್ರಾವಣದಲ್ಲಿ ಇಟ್ಟರೆ ಅದು ಗ್ಲೂಕೋಸಾಗಿಯೇ ಉಳಿಯುವುದಿಲ್ಲ. ಒಂದು ಪಾಲು ಫ್ರಕ್ಟೋಸ್ ಆಗುತ್ತದೆ, ಒಂದು ಪಾಲು ಮ್ಯಾನೋಸ್ ಆಗುತ್ತದೆ. ಹೊರಗಿನಿಂದ ಏನೂ ಸೇರುವುದಿಲ್ಲ, ಏನೂ ಹೋಗುವುದಿಲ್ಲ. ಮೂರರಲ್ಲೂ ಇಂಗಾಲ 6, ಜಲಜನಕ 12, ಆಮ್ಲಜನಕ 6. ಬದಲಾಗುವುದು ಜೋಡಣೆ ಮಾತ್ರ. ಗ್ಲೂಕೋಸಿಗೂ ಮ್ಯಾನೋಸಿಗೂ ಇರುವ ವ್ಯತ್ಯಾಸ ಇಷ್ಟೇ: ಎರಡನೇ ಇಂಗಾಲದ ಮೇಲಿನ ಹೈಡ್ರಾಕ್ಸಿಲ್ ಗುಂಪು ಒಂದರಲ್ಲಿ ಈ ಕಡೆ, ಇನ್ನೊಂದರಲ್ಲಿ ಆ ಕಡೆ.

ಇದೇ ತತ್ವದ ಮೇಲೆ ಗ್ಲೂಕೋಸನ್ನು ಮರುಜೋಡಿಸಿದಾಗ ಸಿಗುವುದು ಸ್ಯಾಕರೈಡ್ ಐಸೊಮರೇಟ್. ಅದು ಒಂದೇ ಸಕ್ಕರೆ ಅಲ್ಲ, ಹಲವು ಸಕ್ಕರೆಗಳು ಬೆರೆತ ದ್ರಾವಣ. ಬೇರೆ ಬೇರೆ ಆಕಾರದ ಅಣುಗಳು ಬೆರೆತಿದ್ದರೆ ಸಾಲಾಗಿ ಕೂತು ಹರಳಾಗುವುದು ಕಷ್ಟ. ಇದರಿಂದಲೇ ಒಂದು ಲಾಭ ಸಿಕ್ಕಿತು. ಚರ್ಮದ ಹೊರಪದರದಲ್ಲಿ ಸಹಜವಾಗಿ ಇರುವ ಸಕ್ಕರೆಗಳ ಮಿಶ್ರಣಕ್ಕೆ ಇದು ಹತ್ತಿರವಾಗಿದೆ ಎಂಬುದು ತಯಾರಕರು ಮುಂದಿಡುವ ಇನ್ನೊಂದು ಮಾತು. ಮಾತು ಸರಿ, ಆದರೆ ಅದಕ್ಕೆ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ. ಗ್ಲಿಸರಿನ್ ಸಹ ಚರ್ಮದಲ್ಲಿ ಸಹಜವಾಗಿಯೇ ಇದೆ. ಚರ್ಮದಲ್ಲಿ ಇರುವ ಪದಾರ್ಥ ಎಂದ ಮಾತ್ರಕ್ಕೆ ಹೊರಗಿನಿಂದ ಹಚ್ಚಿದ್ದು ಕೆಲಸ ಮಾಡುತ್ತದೆ ಎಂದಾಗುವುದಿಲ್ಲ.

ನಿಜವಾಗಿ ಗಮನ ಕೊಡಬೇಕಾದ್ದು ಮುಂದಿನ ವಿಷಯ.

ಅಂಟಿಕೊಳ್ಳುವುದು ಹೇಗೆ?

ಕೆರಾಟಿನ್ ಎಳೆಗಳು ಅಮೈನೊ ಆಮ್ಲಗಳ ಉದ್ದ ಸರಪಳಿಗಳು. ಅವುಗಳಲ್ಲಿ ಲೈಸೀನ್ ಎಂಬುದೊಂದು. ಲೈಸೀನಿಗೆ ಒಂದು ಉದ್ದ ಬಾಲ ಇದೆ, ಬಾಲದ ತುದಿಯಲ್ಲಿ ಬಿಡಿಯಾಗಿ ನಿಂತ ಅಮೈನೊ ಗುಂಪು ಇದೆ. ಸಕ್ಕರೆ ಅಣು ಸಾಮಾನ್ಯವಾಗಿ ಉಂಗುರದ ಆಕಾರದಲ್ಲಿ ಮುಚ್ಚಿಕೊಂಡಿರುತ್ತದೆ. ಆಗೊಮ್ಮೆ ಈಗೊಮ್ಮೆ ಆ ಉಂಗುರ ತೆರೆದುಕೊಳ್ಳುತ್ತದೆ. ತೆರೆದಾಗ ಅದರಲ್ಲೊಂದು ಚುರುಕಾದ ಜಾಗ ಹೊರಗೆ ಬರುತ್ತದೆ. ಆ ಜಾಗ ಲೈಸೀನಿನ ಅಮೈನೊ ಗುಂಪಿಗೆ ಸಿಕ್ಕರೆ ಎರಡೂ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತವೆ. ಸ್ಯಾಕರೈಡ್ ಐಸೊಮರೇಟ್ ಚರ್ಮದ ಮೇಲೆ ನಿಲ್ಲುವುದು ಹೀಗೆ ಎಂಬುದು ಇದರ ತಯಾರಕರ ವಿವರಣೆ.

ಇದನ್ನು ನಂಬಬಹುದೇ? ತತ್ವವನ್ನಂತೂ ನಂಬಬಹುದು. ಸಕ್ಕರೆ ಮತ್ತು ಪ್ರೋಟೀನ್ ಹೀಗೆ ಬೆಸೆದುಕೊಳ್ಳುವುದನ್ನು ಫ್ರಾನ್ಸಿನ ಲೂಯಿ ಕಾಮಿ ಮೈಯಾರ್ 1912ರಲ್ಲೇ ವಿವರಿಸಿದ್ದರು. ನಮ್ಮ ಮೈಯಲ್ಲೂ ಇದು ಪ್ರತಿ ಕ್ಷಣ ನಡೆಯುತ್ತದೆ. ಮಧುಮೇಹಿಗಳು ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆ ಗೊತ್ತಲ್ಲ. ರಕ್ತದ ಹಿಮೋಗ್ಲೋಬಿನ್ ಮೇಲೆ ಎಷ್ಟು ಗ್ಲೂಕೋಸ್ ಅಂಟಿದೆ ಎಂದು ಅದು ಅಳೆಯುತ್ತದೆ. ಒಮ್ಮೆ ಗಟ್ಟಿಯಾಗಿ ಅಂಟಿದ ಗ್ಲೂಕೋಸ್ ಆ ಕೆಂಪು ರಕ್ತಕಣ ಇರುವಷ್ಟು ದಿನ ಬಿಡುವುದಿಲ್ಲ. ಕಣದ ಆಯಸ್ಸು ಸುಮಾರು 120 ದಿನ. ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಮಟ್ಟವನ್ನು ಒಂದೇ ಪರೀಕ್ಷೆಯಿಂದ ಹೇಳಲು ಸಾಧ್ಯವಾಗುವುದು ಇದರಿಂದ.

ಚರ್ಮದ ಮೇಲೆಯೇ ಕಣ್ಣಾರೆ ಕಾಣುವ ಉದಾಹರಣೆಯೂ ಇದೆ. ಬಿಸಿಲಿಗೆ ಹೋಗದೆ ಮೈಬಣ್ಣ ಕಂದು ಮಾಡಿಕೊಳ್ಳುವ ಲೋಷನ್‌ಗಳಲ್ಲಿ ಡೈಹೈಡ್ರಾಕ್ಸಿಅಸಿಟೋನ್ ಇರುತ್ತದೆ. ಅದೂ ಒಂದು ಸಕ್ಕರೆಯೇ, ಮೂರೇ ಇಂಗಾಲದ ಪುಟ್ಟ ಸಕ್ಕರೆ. 1950ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಈವಾ ವಿಟ್‌ಗೆನ್‌ಸ್ಟೈನ್ ಎಂಬ ಸಂಶೋಧಕಿ ಇದನ್ನು ಒಂದು ಚಯಾಪಚಯ ಕಾಯಿಲೆಯ ಮಕ್ಕಳಿಗೆ ಬಾಯಿಯ ಮೂಲಕ ಕೊಡುತ್ತಿದ್ದರು. ಮಕ್ಕಳ ಬಾಯಿಂದ ಚೆಲ್ಲಿದ ದ್ರಾವಣ ಚರ್ಮಕ್ಕೆ ತಾಗಿದ ಕಡೆಯೆಲ್ಲ ಕೆಲವು ಗಂಟೆಗಳಲ್ಲಿ ಕಂದು ಕಲೆ ಮೂಡಿತು. ಬಟ್ಟೆಯ ಮೇಲೆ ಬಿದ್ದ ಕಡೆ ಹಾಗಾಗಲಿಲ್ಲ. ಹೊರಪದರದ ಅಮೈನೊ ಗುಂಪುಗಳಿಗೆ ಆ ಸಕ್ಕರೆ ಅಂಟಿ ಬಣ್ಣ ಕಟ್ಟಿತ್ತು. ತೊಳೆದರೆ ಆ ಬಣ್ಣ ಹೋಗುವುದಿಲ್ಲ. ಸುಮಾರು ಒಂದು ವಾರದಲ್ಲಿ, ಕೋಶಗಳು ಉದುರಿದ ಹಾಗೆ ಉದುರಿದ ಹಾಗೆ ಮಾಸುತ್ತದೆ. ಸಕ್ಕರೆಯೊಂದು ಹೊರಪದರಕ್ಕೆ ಅಂಟಿ ಹಲವು ಸ್ನಾನಗಳನ್ನು ದಾಟಿ ಉಳಿಯಬಲ್ಲದು ಎಂಬುದಕ್ಕೆ ಆ ಬಣ್ಣವೇ ಸಾಕ್ಷಿ.

ಹಾಗಾದರೆ ಸ್ಯಾಕರೈಡ್ ಐಸೊಮರೇಟ್ ಹಚ್ಚಿದರೂ ಚರ್ಮ ಕಂದಾಗಬೇಕಲ್ಲ ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ. ಆಗುವುದಿಲ್ಲ. ಡೈಹೈಡ್ರಾಕ್ಸಿಅಸಿಟೋನ್ ಬಹಳ ಚುರುಕು, ಅದು ಉಂಗುರವಾಗಿ ಮುಚ್ಚಿಕೊಂಡು ಕೂರುವುದಿಲ್ಲ. ಆರು ಇಂಗಾಲದ ಸಕ್ಕರೆಗಳು ಹಾಗಲ್ಲ. ಗ್ಲೂಕೋಸ್ ಅಣುಗಳಲ್ಲಿ ಯಾವುದೇ ಕ್ಷಣಕ್ಕೆ ತೆರೆದುಕೊಂಡಿರುವುದು ಶೇಕಡಾ ಒಂದಕ್ಕಿಂತಲೂ ಎಷ್ಟೋ ಕಡಿಮೆ. ಫ್ರಕ್ಟೋಸ್ ಸ್ವಲ್ಪ ಜಾಸ್ತಿ ತೆರೆದುಕೊಳ್ಳುತ್ತದೆ. ಆದ್ದರಿಂದ ಇಲ್ಲಿ ಬೆಸುಗೆ ನಿಧಾನ, ಬಣ್ಣ ಕಟ್ಟುವ ಕೊನೆಯ ಹಂತಕ್ಕೆ ಅದು ತಲುಪುವ ಮೊದಲೇ ಕೋಶ ಉದುರಿ ಹೋಗಿರುತ್ತದೆ.

ಇದರಿಂದ ಇನ್ನೊಂದು ವಿಷಯ ತಾನಾಗಿ ತಿಳಿಯುತ್ತದೆ. ಹಚ್ಚಿದ್ದೆಲ್ಲ ಅಂಟುವುದಿಲ್ಲ. ಒಂದು ಪಾಲು ಅಂಟುತ್ತದೆ, ಉಳಿದದ್ದು ಮಾಮೂಲಿ ತೇವಕಾರಕದಂತೆ ಕೆಲಸ ಮಾಡಿ ಮುಂದಿನ ತೊಳೆತದಲ್ಲಿ ಹೋಗುತ್ತದೆ. ದಿನವೂ ಹಚ್ಚುತ್ತಾ ಹೋದರೆ ಅಂಟಿದ ಪಾಲು ಸ್ವಲ್ಪ ಸ್ವಲ್ಪವೇ ಸೇರುತ್ತದೆ. ಒಂದೇ ಸಲ ಹಚ್ಚಿ ಮೂರು ದಿನ ಸುಮ್ಮನಿರುವುದಕ್ಕಿಂತ ದಿನಾ ಹಚ್ಚುವುದು ಒಳ್ಳೆಯದು ಅನ್ನಲು ಇದೇ ಕಾರಣ. ಹೊರಪದರ ಪೂರ್ತಿ ಹೊಸದಾಗಲು ಸುಮಾರು ಎರಡು ವಾರ ಬೇಕು. ಅಂಟಿದ ಸಕ್ಕರೆಯ ಗರಿಷ್ಠ ಆಯಸ್ಸೂ ಅಷ್ಟರೊಳಗೇ. ಕೋಶ ಉದುರಿದರೆ ಸಕ್ಕರೆಯೂ ಹೋಯಿತು.

'72 ಗಂಟೆ' ಎಂಬ ಸಂಖ್ಯೆ

ಈ ಸಂಖ್ಯೆ ಎಲ್ಲಿಂದ ಬಂತು ಎಂದು ತಿಳಿದುಕೊಂಡರೆ ಅದನ್ನು ಎಷ್ಟು ನಂಬಬೇಕು ಎಂಬುದೂ ಗೊತ್ತಾಗುತ್ತದೆ. ಚರ್ಮದ ತೇವ ಅಳೆಯಲು ಕಾರ್ನಿಯೋಮೀಟರ್ ಎಂಬ ಪುಟ್ಟ ಉಪಕರಣ ಬಳಸುತ್ತಾರೆ. ಅದರ ತುದಿಯನ್ನು ಚರ್ಮಕ್ಕೆ ಒತ್ತಿ ಹಿಡಿದರೆ ಸಾಕು. ನೀರು ಜಾಸ್ತಿ ಇದ್ದಷ್ಟೂ ಚರ್ಮ ಹೆಚ್ಚು ವಿದ್ಯುದಾವೇಶ ಹಿಡಿದಿಡುತ್ತದೆ. ಉಪಕರಣ ಅದನ್ನು ಅಳೆದು ಒಂದು ಅಂಕಿ ತೋರಿಸುತ್ತದೆ. ಇಂಥ ಪರೀಕ್ಷೆಗಳಲ್ಲಿ ಕೈ ಅಥವಾ ಕಾಲಿನ ಒಂದು ಜಾಗಕ್ಕೆ ಪದಾರ್ಥ ಇರುವ ಕ್ರೀಮ್, ಇನ್ನೊಂದು ಜಾಗಕ್ಕೆ ಇಲ್ಲದ ಕ್ರೀಮ್ ಹಚ್ಚಿ, ನಿಲ್ಲಿಸಿದ ಮೇಲೆ ಎಷ್ಟು ದಿನ ವ್ಯತ್ಯಾಸ ಉಳಿಯುತ್ತದೆ ಎಂದು ನೋಡುತ್ತಾರೆ. ಅಳತೆ ತೆಗೆಯುವುದು ತಾಪಮಾನವೂ ಗಾಳಿಯ ತೇವವೂ ಒಂದೇ ಮಟ್ಟದಲ್ಲಿರುವ ಕೋಣೆಯಲ್ಲಿ.

'72 ಗಂಟೆ' ಎಂದರೆ ಮೂರನೇ ದಿನವೂ ಉಪಕರಣಕ್ಕೆ ಆ ವ್ಯತ್ಯಾಸ ಸಿಕ್ಕಿತು ಎಂದರ್ಥ. ಮೊದಲ ಗಂಟೆಯಲ್ಲಿ ಇದ್ದಷ್ಟೇ ತೇವ ಮೂರನೇ ದಿನವೂ ಇತ್ತು ಎಂದಲ್ಲ. ಬೆರಳಿಗೆ ಆ ವ್ಯತ್ಯಾಸ ಗೊತ್ತಾಗುತ್ತದೆ ಎಂದೂ ಅಲ್ಲ. ಈ ಪರೀಕ್ಷೆಗಳಲ್ಲಿ ಬಹುಪಾಲು ಪದಾರ್ಥ ಮಾರುವ ಕಂಪನಿಗಳೇ ಮಾಡಿಸಿದವು. ಹಾಗೆಂದು ಅವು ಸುಳ್ಳು ಎನ್ನಬೇಕಿಲ್ಲ. ಆದರೆ ಗ್ಲಿಸರಿನ್ ಬಗ್ಗೆ ದಶಕಗಳಿಂದ ಬೇರೆ ಬೇರೆ ದೇಶಗಳ ಆಸ್ಪತ್ರೆ, ವಿಶ್ವವಿದ್ಯಾಲಯಗಳಲ್ಲಿ ನಡೆದ ಸಂಶೋಧನೆಯ ರಾಶಿಗೆ ಹೋಲಿಸಿದರೆ ಇದರ ಪುರಾವೆ ತೆಳು. ಇನ್ನೊಂದು ಮಾತೂ ಹೇಳಬೇಕು: ಡಬ್ಬಿಯ ಮೇಲಿನ ಸಂಖ್ಯೆ ಸಲ್ಲುವುದು ಪರೀಕ್ಷೆ ಮಾಡಿದ ಪ್ರಮಾಣಕ್ಕೆ. ನಿಮ್ಮ ಕೈಯಲ್ಲಿರುವ ಕ್ರೀಮಿನಲ್ಲಿ ಅಷ್ಟು ಪ್ರಮಾಣ ಇಲ್ಲದಿದ್ದರೆ ಆ ಸಂಖ್ಯೆಯೂ ಇಲ್ಲ.

ಹಾಗಾಗಿ ಗ್ಲಿಸರಿನ್ ಬದಲು ಇದು ಎಂದು ಯೋಚಿಸುವುದು ತಪ್ಪು ಲೆಕ್ಕ. ಗ್ಲಿಸರಿನ್ ಅಗ್ಗ, ಚರ್ಮದೊಳಕ್ಕೆ ಚೆನ್ನಾಗಿ ಇಳಿಯುತ್ತದೆ, ಸಾಕಷ್ಟು ಹೊತ್ತು ಅಲ್ಲೇ ನಿಲ್ಲುತ್ತದೆ ಕೂಡ. ಹಚ್ಚಿದ ಕೂಡಲೇ ಸಿಗುವ ಆರಾಮ ಅದರಿಂದ. ಸ್ಯಾಕರೈಡ್ ಐಸೊಮರೇಟ್ ಬೇಕಾಗುವುದು ತೊಳೆದ ಮೇಲಿನ ಹೊತ್ತಿಗೆ. ಎರಡೂ ಒಟ್ಟಿಗಿರುವ ಕ್ರೀಮು ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ. ಪದೇ ಪದೇ ಕೈ ತೊಳೆಯಬೇಕಾದವರಿಗೆ, ರೆಟಿನಾಯ್ಡ್ (ಮೊಡವೆ, ಸುಕ್ಕಿಗೆ ಹಚ್ಚುವ ವಿಟಮಿನ್ ಎ ಜಾತಿಯ ಮದ್ದು) ಹಚ್ಚಿ ಮುಖ ಒಣಗಿಸಿಕೊಂಡವರಿಗೆ ಇದರ ಉಪಯೋಗ ಜಾಸ್ತಿ. ಮೊದಲೇ ಚರ್ಮ ಚೆನ್ನಾಗಿದ್ದು ಸಾದಾ ಕ್ರೀಮಿನಿಂದಲೇ ಸಾಕಾಗುವವರು ಇದಕ್ಕೆಂದು ಹೆಚ್ಚು ಹಣ ಕೊಡಬೇಕಿಲ್ಲ.

ಇದರಿಂದ ಆಗದ ಕೆಲಸ

ಮುಖ್ಯವಾಗಿ, ಇದು ಜಿಡ್ಡಿನ ಕೆಲಸ ಮಾಡುವುದಿಲ್ಲ. ಕೋಶಗಳ ನಡುವಿನ ಗಾರೆ ಕಿತ್ತುಹೋಗಿದ್ದರೆ ಎಷ್ಟು ಸಕ್ಕರೆ ಅಂಟಿದರೂ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ. ಒಣಗಾಳಿಯಲ್ಲಿ, ಎಸಿ ಕೋಣೆಯಲ್ಲಿ ಇದು ಇನ್ನೂ ನಿಜ. ಅಲ್ಲಿ ಗಾಳಿಯಲ್ಲೇ ತೇವ ಇಲ್ಲ, ಹಾಗಾಗಿ ತೇವಕಾರಕಕ್ಕೆ ನೀರು ಸಿಗುವುದು ಚರ್ಮದ ಒಳಗಿನಿಂದಲೇ. ಆ ನೀರನ್ನು ತಡೆಯಲು ಮೇಲೊಂದು ಜಿಡ್ಡಿನ ಪದರ ಬೇಕೇ ಬೇಕು. ಪೆಟ್ರೋಲಿಯಂ ಜೆಲ್ಲಿ, ಸೆರಮೈಡ್ ಇರುವ ಕ್ರೀಮ್, ಶಿಯಾ ಬೆಣ್ಣೆ, ಯಾವುದಾದರೂ ಆದೀತು. ಬರೀ ಸೀರಂ ಹಚ್ಚಿ ಬಿಟ್ಟು, ಆಮೇಲೆ ಚರ್ಮ ಬಿಗಿಯಿತು ಎನ್ನುವವರು ಬಹಳ ಜನ. ಸೀರಂ ಆರುವ ಮೊದಲೇ ಮೇಲೆ ಕ್ರೀಮ್ ಹಚ್ಚಿದರೆ ಈ ತೊಂದರೆ ಬಹುಮಟ್ಟಿಗೆ ಹೋಗುತ್ತದೆ.

ಸುಕ್ಕು ಹೋಗುತ್ತದೆ, ಕಲೆ ಹೋಗುತ್ತದೆ, ಚರ್ಮ ಬಿಳಿಯಾಗುತ್ತದೆ ಎಂಬ ಮಾತುಗಳನ್ನು ಇದಕ್ಕೆ ಜೋಡಿಸಿದ್ದರೆ ನಂಬಬೇಡಿ. ನೀರು ತುಂಬಿದಾಗ ಮೇಲ್ಮೈಯ ಸಣ್ಣ ಗೆರೆಗಳು ತಾತ್ಕಾಲಿಕವಾಗಿ ಕಡಿಮೆ ಕಾಣುತ್ತವೆ, ಅದು ಯಾವ ತೇವಕಾರಕದಿಂದಲೂ ಆಗುತ್ತದೆ. ಎಕ್ಸಿಮಾ, ಸೋರಿಯಾಸಿಸ್‌ಗೆ ಇದು ಔಷಧಿ ಅಲ್ಲ. ಚರ್ಮ ಬಿರಿದು ರಕ್ತ ಬರುತ್ತಿದ್ದರೆ, ತುರಿಕೆಯಿಂದ ನಿದ್ದೆ ಕೆಡುತ್ತಿದ್ದರೆ ಹೊಸ ಸೀರಂ ಹುಡುಕುವುದು ಬಿಟ್ಟು ಚರ್ಮವೈದ್ಯರಿಗೆ ತೋರಿಸಬೇಕು.

ಸಕ್ಕರೆ ಅಂದ ಕೂಡಲೇ ಹುಟ್ಟುವ ಭಯಗಳು

ಮೊದಲ ಭಯ ಗ್ಲೈಕೇಶನ್ನಿನದು. ಸಕ್ಕರೆ ಪ್ರೋಟೀನಿಗೆ ಅಂಟಿದರೆ ಚರ್ಮಕ್ಕೆ ಬೇಗ ವಯಸ್ಸಾಗುತ್ತದೆ ಎಂದು ಓದಿದವರು ಸಕ್ಕರೆಯನ್ನೇ ಹಚ್ಚುವುದೇ ಎಂದು ಹೆದರುತ್ತಾರೆ. ಹೆದರಿಕೆಗೆ ಕಾರಣ ಇಲ್ಲದಿಲ್ಲ, ಆದರೆ ಜಾಗ ಬೇರೆ. ವಯಸ್ಸಿನ ಲಕ್ಷಣ ತರುವ ಗ್ಲೈಕೇಶನ್ ನಡೆಯುವುದು ಆಳದ ಪದರದ ಕೊಲಾಜೆನ್ ಮೇಲೆ. ಕೊಲಾಜೆನ್ ಎಳೆಗಳು ವರ್ಷಾನುಗಟ್ಟಲೆ ಬದಲಾಗದೆ ಉಳಿಯುತ್ತವೆ. ರಕ್ತದ ಮೂಲಕ ಬಂದ ಗ್ಲೂಕೋಸ್ ಅಷ್ಟು ವರ್ಷಗಳಲ್ಲಿ ಅವಕ್ಕೆ ಅಂಟಿ, ಎಳೆ ಎಳೆಗಳನ್ನು ಒಂದಕ್ಕೊಂದು ಹೊಲಿದುಬಿಡುತ್ತದೆ. ಅದರಿಂದ ಚರ್ಮ ಗಡುಸಾಗುತ್ತದೆ. ಹೊರಪದರದ ಕೆರಾಟಿನಿಗೆ ಆ ಆಯಸ್ಸೇ ಇಲ್ಲ. ಎರಡು ವಾರದಲ್ಲಿ ಅದು ಉದುರಿ ಹೋಗುವಂಥದ್ದು. ಒಂದೇ ರಸಾಯನಕ್ರಿಯೆ ಒಂದು ಕಡೆ ಹಾನಿ, ಇನ್ನೊಂದು ಕಡೆ ಉಪಕಾರ ಮಾಡುತ್ತದೆ. ವ್ಯತ್ಯಾಸ ಮಾಡುವುದು ಆ ಪ್ರೋಟೀನ್ ಎಷ್ಟು ದಿನ ಇರುತ್ತದೆ ಎಂಬುದು. ಈ ವಿಷಯದಲ್ಲಿ ನನಗೆ ತುಂಬ ಇಷ್ಟವಾದ ಅಂಶ ಇದೇ.

ಮಧುಮೇಹ ಇದ್ದವರು ಹಚ್ಚಬಹುದೇ? ಹಚ್ಚಬಹುದು. ಕ್ರೀಮಿನಲ್ಲಿರುವ ಕೆಲವೇ ಶೇಕಡಾ ಸಕ್ಕರೆ ಹೊರಪದರದಲ್ಲೇ ನಿಲ್ಲುತ್ತದೆ. ರಕ್ತದ ಸಕ್ಕರೆ ಅದರಿಂದ ಏರುವುದಿಲ್ಲ.

ಮೊಡವೆಯಂತೆ ಕಾಣುವ ಫಂಗಸ್ ಗುಳ್ಳೆಗಳಿರುವವರಿಗೆ ಈ ಸಕ್ಕರೆ ಫಂಗಸ್ಸಿಗೆ ಆಹಾರವಾದೀತೇ ಎಂಬ ಅನುಮಾನ. ಆ ಗುಳ್ಳೆಗಳಿಗೆ ಕಾರಣವಾದ ಮಲಸೀಸಿಯಾ ಎಂಬ ಶಿಲೀಂಧ್ರ ಬೆಳೆಯಲು ಕೊಬ್ಬು ಬೇಕು, ಅದನ್ನು ತಾನೇ ಮಾಡಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಅಂಥವರು ಎಚ್ಚರ ವಹಿಸಬೇಕಾದ್ದು ಕೊಬ್ಬಿನಾಮ್ಲ, ಎಣ್ಣೆಗಳ ವಿಷಯದಲ್ಲಿ. ಇನ್ನು ಸಕ್ಕರೆ ಹರಳಿನಿಂದ ಮಾಡುವ ಸ್ಕ್ರಬ್‌ಗೂ ಇದಕ್ಕೂ ಸಂಬಂಧ ಇಲ್ಲ. ಅಲ್ಲಿ ಹರಳು ಚರ್ಮವನ್ನು ಉಜ್ಜುತ್ತದೆ, ಒಣಚರ್ಮಕ್ಕೆ ಅದು ಬೇಡವೇ ಬೇಡ.

ಪಟ್ಟಿ ಓದುವಾಗ

ಹೆಸರುಗಳು ಒಂದೇ ಥರ ಕೇಳಿಸುವುದರಿಂದ ಗೊಂದಲ ಆಗುತ್ತದೆ. ಬಯೋಸ್ಯಾಕರೈಡ್ ಗಮ್ ಬೇರೆ. ಅದನ್ನು ಬ್ಯಾಕ್ಟೀರಿಯಾಗಳ ಹುದುಗುವಿಕೆಯಿಂದ ಪಡೆಯುತ್ತಾರೆ, ಅಣು ದೊಡ್ಡದು, ಚರ್ಮದ ಮೇಲೆ ತೆಳು ಪೊರೆಯಂತೆ ಕೂರುತ್ತದೆ. ಸ್ಯಾಕರೊಮೈಸಿಸ್ ಎಂದಿದ್ದರೆ ಅದು ಯೀಸ್ಟ್. ಕ್ಸೈಲಿಟಿಲ್‌ಗ್ಲೂಕೋಸೈಡ್ ಸಕ್ಕರೆ ಕುಟುಂಬದ್ದೇ, ಗ್ಲೂಕೋಸ್ ಮತ್ತು ಕ್ಸೈಲಿಟಾಲ್ ಸೇರಿಸಿ ಮಾಡುವಂಥದ್ದು. ಟ್ರೆಹಲೋಸ್ ಎರಡು ಗ್ಲೂಕೋಸ್ ಜೋಡಿಯಾದ ಸಕ್ಕರೆ. ಯೀಸ್ಟು, ನೀರಿಲ್ಲದೆ ಮುದುಡಿ ಮತ್ತೆ ಚಿಗುರುವ ಕೆಲವು ಗಿಡಗಳು ಒಣಗುವ ಹೊತ್ತಿನಲ್ಲಿ ಇದನ್ನು ತುಂಬಿಕೊಂಡು ತಮ್ಮ ಪ್ರೋಟೀನುಗಳನ್ನು ಕಾಪಾಡಿಕೊಳ್ಳುತ್ತವೆ. ಆದರೆ ಟ್ರೆಹಲೋಸಿನ ಚುರುಕಾದ ಜಾಗಗಳೆರಡೂ ಆ ಜೋಡಣೆಯಲ್ಲೇ ಬಂದಿಯಾಗಿವೆ. ಆದ್ದರಿಂದ ಅದು ಕೆರಾಟಿನಿಗೆ ಹೀಗೆ ಬೆಸೆದುಕೊಳ್ಳುವುದಿಲ್ಲ. ತೇವ ಹಿಡಿಯುತ್ತದೆ, ತೊಳೆದರೆ ಹೋಗುತ್ತದೆ.

ಪಟ್ಟಿಯಲ್ಲಿ ಪದಾರ್ಥಗಳು ಪ್ರಮಾಣದ ಇಳಿಕೆಯ ಕ್ರಮದಲ್ಲಿರುತ್ತವೆ. ಶೇಕಡಾ 1ಕ್ಕಿಂತ ಕಡಿಮೆ ಇರುವವನ್ನು ಮಾತ್ರ ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಬರೆಯಬಹುದು. ಸ್ಯಾಕರೈಡ್ ಐಸೊಮರೇಟ್ ಪಟ್ಟಿಯ ಮೊದಲರ್ಧದಲ್ಲಿದ್ದರೆ ಒಳ್ಳೆಯ ಸೂಚನೆ. ಫಿನಾಕ್ಸಿಎಥನಾಲ್‌ನಂಥ ಸಂರಕ್ಷಕ ಸಾಮಾನ್ಯವಾಗಿ ಶೇಕಡಾ 1ರ ಒಳಗೇ ಇರುತ್ತದೆ. ಅದಕ್ಕಿಂತ ಬಹಳ ಕೆಳಗೆ, ಸುವಾಸನೆಯ ಪಕ್ಕದಲ್ಲಿ ಇದ್ದರೆ ಹೆಸರಿಗೆಂದು ಹಾಕಿರುವ ಸಾಧ್ಯತೆ ಜಾಸ್ತಿ. ಜೊತೆಯಲ್ಲಿ ಸಿಟ್ರಿಕ್ ಆ್ಯಸಿಡ್, ಸೋಡಿಯಂ ಸಿಟ್ರೇಟ್ ಕಂಡರೆ ಗಾಬರಿ ಬೇಡ. ಆಮ್ಲತೆ ಹಿಡಿತದಲ್ಲಿಡಲು ಆ ದ್ರಾವಣಕ್ಕೆ ಅವನ್ನು ಸೇರಿಸಿರುತ್ತಾರೆ.

ನಿಮ್ಮ ಚರ್ಮಕ್ಕೆ ಇದು ಹೊಂದುತ್ತದೆಯೇ ಎಂದು ತಿಳಿಯಲು ಸಂಶೋಧಕರು ಮಾಡುವ ವಿಧಾನವನ್ನೇ ಮನೆಯಲ್ಲೂ ಮಾಡಬಹುದು. ಎರಡೂ ಮೊಣಕಾಲ ಕೆಳಗೆ ಮಾಮೂಲಿ ಕ್ರೀಮ್ ಹಚ್ಚಿ, ಒಂದು ಕಾಲಿಗೆ ಮಾತ್ರ ಅದರ ಮೊದಲು ಈ ಸೀರಂ ಹಚ್ಚಿ. ಸ್ನಾನದ ನೀರು ಪೂರ್ತಿ ಆರುವ ಮೊದಲೇ ಹಚ್ಚಬೇಕು. ಎರಡು ವಾರ ಹೀಗೆ ಮಾಡಿ, ಆಮೇಲೆ ಎರಡೂ ಕಾಲಿಗೆ ಏನೂ ಹಚ್ಚದೆ ಬಿಡಿ. ಎರಡನೇ, ಮೂರನೇ ದಿನ ಸ್ನಾನ ಮುಗಿಸಿ ಮೈ ಆರಿದ ಮೇಲೆ ಒಳ್ಳೆಯ ಬೆಳಕಿನಲ್ಲಿ ಎರಡೂ ಕಾಲು ನೋಡಿ, ಉಗುರಿನಿಂದ ಮೆಲ್ಲಗೆ ಗೀರಿ. ಬಿಳಿ ಗೆರೆ ಯಾವ ಕಾಲಿನ ಮೇಲೆ ಜಾಸ್ತಿ ಮೂಡುತ್ತದೋ ಆ ಕಾಲು ಹೆಚ್ಚು ಒಣಗಿದೆ. ಎರಡೂ ಕಡೆ ಒಂದೇ ಥರ ಮೂಡಿದರೆ ನಿಮಗೆ ಮಾಮೂಲಿ ಕ್ರೀಮೇ ಸಾಕು.